ಕೇಳದೆ ಎದ್ದು ಹೋಗುವ ಸ್ವಾತಂತ್ರ್ಯ

ಬಳ್ಳಾರಿಯಲ್ಲಿ ಬಿಸಿಲು ಏರತೊಡಗಿದರೆ ಸಾಕು, ಜೀನ್ಸ್ ಹೊಲಿಯುವ ಹೆಣ್ಣುಮಕ್ಕಳು ನನ್ನ ಕ್ಲಿನಿಕ್ಕಿಗೆ ಬರುವುದು ಜಾಸ್ತಿಯಾಗುತ್ತದೆ. ಉರಿಮೂತ್ರ, ಕಿಬ್ಬೊಟ್ಟೆ ನೋವು, ಸಣ್ಣಗೆ ಜ್ವರ. ಮಾತ್ರೆ ಕೊಟ್ಟರೆ ವಾರದಲ್ಲಿ ವಾಸಿ. ತಿಂಗಳಾದ ಮೇಲೆ ಮತ್ತೆ ಅದೇ.

ಒಬ್ಬಾಕೆಯನ್ನು ಕೇಳಿದೆ, "ಇಷ್ಟು ಬಿಸಿಲೈತೆ, ನೀರು ಯಾಕೆ ಕುಡಿಯೋದಿಲ್ಲವ್ವಾ?"

"ಕುಡುದ್ರೆ ಹೋಗಬೇಕಾಗ್ತೈತ್ರೀ ಮೇಡಂ. ಹೋಗಬೇಕಂದ್ರೆ ಸೂಪರ್‌ವೈಸರನ್ನ ಕೇಳಬೇಕು. ಎಲ್ಲರ ಮುಂದೆ 'ಈಗ್ಲೇ ಹೋಗಿ ಬಂದ್ಯಲ್ಲ' ಅಂತಾರೆ."

ಚೀಲದಿಂದ ಬಾಟಲಿ ತೆಗೆದು ತೋರಿಸಿದಳು. ಬೆಳಿಗ್ಗೆ ಮನೆಯಲ್ಲಿ ತುಂಬಿಕೊಂಡಿದ್ದು. ಸಂಜೆ ಏಳಾದರೂ ಕತ್ತಿನ ತನಕ ಹಾಗೇ ಇತ್ತು.

1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಕಾರ್ಖಾನೆಗಳಲ್ಲಿ ಕುಡಿಯುವ ನೀರು, ಶೌಚಾಲಯ ಕಡ್ಡಾಯ. ಆಕೆ ಕೆಲಸ ಮಾಡುವಲ್ಲಿ ಎರಡೂ ಇವೆ. ಬಾಗಿಲಿಗೆ ಬೀಗವಿಲ್ಲ. ಆದರೆ ಸೂಪರ್‌ವೈಸರನ ಆ ಒಂದು ಮಾತು ಬೀಗಕ್ಕಿಂತ ಗಟ್ಟಿ. ಹೀಗೆ ಕೆಲಸ ತೆಗೆಸುವುದು ಬರೀ ಮನಸ್ಸನ್ನು ನೋಯಿಸುವುದಿಲ್ಲ, ಮೂತ್ರಕೋಶದ ತನಕ ಮುಟ್ಟುತ್ತದೆ.

ರಾಬರ್ಟ್ ಕರಾಸೆಕ್ ಎಂಬ ತಜ್ಞರು 1979ರಲ್ಲೇ ಇದರ ಬುಡ ತೋರಿಸಿದ್ದರು. ಕೆಲಸದ ಒತ್ತಡ ಜಾಸ್ತಿ, ತಾನೇ ತೀರ್ಮಾನಿಸುವ ಅವಕಾಶ ಕಮ್ಮಿ. ಈ ಎರಡೂ ಕೂಡಿದ ಕಡೆ ಜನ ಹೆಚ್ಚು ಕುಗ್ಗುತ್ತಾರೆ, ಹೆಚ್ಚು ದಣಿಯುತ್ತಾರೆ. ಟಾರ್ಗೆಟ್ ದೊಡ್ಡದಿದ್ದರೂ ಪರವಾಗಿಲ್ಲ, ಬೇಕಾದಾಗ ಎದ್ದು ನೀರು ಕುಡಿದು ಬರಬಹುದು, ಮಿಷಿನ್ ಸದ್ದು ಬೇರೆಯಾದರೆ ಹೆದರದೆ ನಿಲ್ಲಿಸಬಹುದು ಅನ್ನುವಂತಿದ್ದರೆ ಆ ದಿನ ಅಷ್ಟು ಭಾರವಾಗುವುದಿಲ್ಲ, ಅಲ್ವಾ?

ಹಾಗಂತ ಯಾವುದಕ್ಕೂ ತಲೆ ಹಾಕದ ಮಾಲೀಕರೂ ಒಳ್ಳೆಯವರು ಅನ್ನಲಾರೆ. ಗಂಗಾವತಿ ಕಡೆಯ ಅಕ್ಕಿ ಗಿರಣಿಗಳಲ್ಲಿ ಸುಗ್ಗಿಯ ಹೊತ್ತಿಗೆ ಭತ್ತದ ಲಾರಿಗಳು ಸಾಲುಗಟ್ಟಿರುತ್ತವೆ. ಆಗ ಯಾರ ಮಾತು ಕೇಳಬೇಕು ಅನ್ನುವುದೇ ತಿಳಿಯದಿದ್ದರೆ, ಒಬ್ಬ ಹೊರು ಅಂದದ್ದನ್ನು ಇನ್ನೊಬ್ಬ ಇಳಿಸು ಅಂದರೆ, ಬೀಳುವುದು ಹಮಾಲರ ಸೊಂಟವೇ.

ಸೂಪರ್‌ವೈಸರುಗಳನ್ನು ಬೈದು ಕೈತೊಳೆದುಕೊಳ್ಳಲೂ ನನಗೆ ಮನಸ್ಸಿಲ್ಲ. ಅಂಥವರೊಬ್ಬರು ತಲೆನೋವೆಂದು ಬಂದಿದ್ದರು. ಬಿಪಿ 160/100. ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕುವಷ್ಟರಲ್ಲಿ ಸಾವುಕಾರರ ಫೋನು ಎರಡು ಸಲ ಬಂತು. ಎರಡನೇ ಸಲ ಪಟ್ಟಿ ಬಿಚ್ಚುವ ತನಕವೂ ತಾಳಲಿಲ್ಲ, ಇನ್ನೊಂದು ಕೈಯಲ್ಲಿ ಎತ್ತಿದರು. "ಆಗ್ತೈತ್ರೀ, ಸಂಜಿಗೆ ಆಗ್ತೈತ್ರೀ." ಹಣೆ ಪೂರ್ತಿ ಬೆವರು. ಮೇಲಿನಿಂದ ಬಂದದ್ದನ್ನು ಅವರು ಕೆಳಗಿನವರ ಮೇಲೆ ಹಾಕುತ್ತಾರೆ. ಅವರಿಗಾದರೂ ಬೇರೆ ದಾರಿ ಯಾರು ತೋರಿಸಿದ್ದಾರೆ?

ಅದಕ್ಕೇ ನಾನು ಈ ಮಾತನ್ನು ಸಾವುಕಾರರಿಗೇ ಹೇಳುತ್ತೇನೆ. ಶೌಚಾಲಯಕ್ಕೆ ಹೋಗಲು ಅನುಮತಿ ಕೇಳುವ ಪದ್ಧತಿ ಇವತ್ತೇ ತೆಗೆಯಿರಿ. ಸೂಪರ್‌ವೈಸರಿಗೆ ಗಂಟೆಗೊಂದು ಸಲ ಫೋನ್ ಮಾಡುವುದನ್ನು ಬಿಡಿ. ಒಂದು ಸಂಜೆ ಬಾಗಿಲ ಹತ್ತಿರ ಸುಮ್ನೆ ನಿಂತು, ಎಷ್ಟು ಜನರ ಬಾಟಲಿ ತುಂಬಿದ್ದು ತುಂಬಿದ ಹಾಗೇ ಮನೆಗೆ ಹೋಗುತ್ತಿದೆ ನೋಡಿ.