ಬಾಂಬ್ ಸಿಡಿದದ್ದು ಅಲ್ಲಿ, ನಡುಕ ಮನೆಮನೆಯಲ್ಲಿ

2013ರ ಏಪ್ರಿಲ್ 15ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಮ್ಯಾರಥಾನ್ ಓಟ ಮುಗಿಯುವ ಗೆರೆಯ ಬಳಿ ಎರಡು ಕುಕ್ಕರ್ ಬಾಂಬ್‌ಗಳು ಸಿಡಿದವು. ಮೂವರು ಸತ್ತರು, 260ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಮುಂದಿನ ಕೆಲವು ವಾರಗಳಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು ದೇಶದ ಉದ್ದಗಲಕ್ಕೂ 4,600ಕ್ಕೂ ಹೆಚ್ಚು ವಯಸ್ಕರನ್ನು ಪ್ರಶ್ನಿಸಿದರು. ಬೇಡವೆಂದರೂ ಆ ದೃಶ್ಯ ಕಣ್ಣಮುಂದೆ ಬರುತ್ತದೆಯೇ? ನಿದ್ದೆ ಕೆಟ್ಟಿದೆಯೇ? ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತೀರಾ?

ಉತ್ತರಗಳನ್ನು ಲೆಕ್ಕ ಹಾಕಿದಾಗ ಅಚ್ಚರಿ ಕಾದಿತ್ತು. ಸ್ಫೋಟದ ನಂತರದ ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಅದರದೇ ಸುದ್ದಿ, ವಿಡಿಯೊ, ಚಿತ್ರಗಳನ್ನು ನೋಡಿದವರಲ್ಲಿ ಒತ್ತಡದ ಲಕ್ಷಣಗಳು ಸ್ಫೋಟದ ಸ್ಥಳದಲ್ಲೇ ಇದ್ದವರಿಗಿಂತಲೂ ಹೆಚ್ಚಾಗಿದ್ದವು! ಮೊದಲೇ ಅಂಜುವ ಸ್ವಭಾವದವರು ಹೆಚ್ಚು ಸುದ್ದಿ ನೋಡಿರಬಹುದಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸಂಶೋಧಕರು ಹಿಂದಿನ ಮಾನಸಿಕ ಆರೋಗ್ಯವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಆದರೂ ನಂಟು ಉಳಿಯಿತು. ಅದೇ ತಂಡ ಮೂರು ವರ್ಷ ಈ ಜನರ ಬೆನ್ನು ಹತ್ತಿದಾಗ, ಅಂದು ಹೆಚ್ಚು ಕಂಗೆಟ್ಟವರು 2016ರಲ್ಲಿ ಅಮೆರಿಕದ ಒರ್ಲಾಂಡೊ ನಗರದ ನೈಟ್‌ಕ್ಲಬ್ಬಿನಲ್ಲಿ ನಡೆದ ಗುಂಡಿನ ಹತ್ಯಾಕಾಂಡದ ಸುದ್ದಿಯನ್ನೂ ಹೆಚ್ಚು ನೋಡಿ, ಮತ್ತಷ್ಟು ಕಂಗೆಟ್ಟದ್ದು ಕಂಡಿತು. ಭಯ ಸುದ್ದಿಯನ್ನು ಹುಡುಕಿಸುತ್ತದೆ, ಸುದ್ದಿ ಭಯವನ್ನು ಬೆಳೆಸುತ್ತದೆ.

ಹೀಗೇಕೆ? ಮಿದುಳಿನಲ್ಲಿ ಬಾದಾಮಿಯಷ್ಟಿರುವ ಅಮಿಗ್ಡಲ ಎಂಬ ಭಾಗ ಅಪಾಯದ ಸುಳಿವು ಸಿಕ್ಕ ಕೂಡಲೇ ಎಚ್ಚರಗೊಳ್ಳುತ್ತದೆ. ವಿವೇಕ ಮಾತಾಡುವ ಮೊದಲೇ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಬಿರುಸಾಗುತ್ತದೆ. ಸ್ಫೋಟ ನಡೆದದ್ದು ಒಮ್ಮೆ; ತೆರೆಯ ಮೇಲೆ ಅದು ದಿನಕ್ಕೆ ನೂರು ಬಾರಿ ನಡೆಯುತ್ತದೆ. ಹೀಗೆ ಪಳಗಿದ ಮನಸ್ಸಿಗೆ ಬಸ್ ನಿಲ್ದಾಣದ ಬೆಂಚಿನಡಿ ಯಾರೋ ಮರೆತುಹೋದ ಚೀಲ ಕಂಡರೆ ಸಾಕು, ಅಂಗೈ ಬೆವರುತ್ತದೆ. 2008ರ ನವೆಂಬರ್‌ನಲ್ಲಿ ಮುಂಬೈ ದಾಳಿ ದಿನಗಟ್ಟಲೆ ನೇರಪ್ರಸಾರವಾದಾಗ ಅದನ್ನು ಕಣ್ಣೆವೆ ಇಕ್ಕದೆ ನೋಡಿದ ಮನೆಗಳು ನಮ್ಮಲ್ಲೂ ಎಷ್ಟಿದ್ದವು! ಆ ಮನೆಗಳಲ್ಲಿ ಮಕ್ಕಳೂ ಕುಳಿತಿದ್ದರು ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಭಯ ತೀರ್ಮಾನಗಳನ್ನೂ ಬದಲಿಸುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಬಹಳಷ್ಟು ಅಮೆರಿಕನ್ನರು ವಿಮಾನ ಬಿಟ್ಟು ಕಾರು ಹತ್ತಿದರು. ವಿಮಾನಕ್ಕಿಂತ ರಸ್ತೆಯೇ ಹೆಚ್ಚು ಅಪಾಯಕಾರಿ. ಹೀಗೆ ಮುಂದಿನ ಒಂದು ವರ್ಷದಲ್ಲಿ ಸುಮಾರು 1,500 ಮಂದಿ ರಸ್ತೆಯಲ್ಲಿ ಹೆಚ್ಚುವರಿಯಾಗಿ ಪ್ರಾಣ ಕಳೆದುಕೊಂಡರು ಎಂದು ಜರ್ಮನಿಯ ಮನೋವಿಜ್ಞಾನಿ ಗೆರ್ಡ್ ಗಿಗರೆಂಜರ್ ಅಂದಾಜಿಸಿದರು. ಭಯೋತ್ಪಾದನೆಗೆ ಬಲಿಯಾದವರ ಪಟ್ಟಿಯಲ್ಲಿ ಈ ಸಾವುಗಳು ಸೇರುವುದೇ ಇಲ್ಲ.

ಆದರೂ ಮನುಷ್ಯನ ಮನಸ್ಸು ನಾವೆಣಿಸಿದಷ್ಟು ದುರ್ಬಲವಲ್ಲ. ಆ ದಾಳಿಯಾದ ಐದರಿಂದ ಎಂಟು ವಾರಗಳಲ್ಲಿ ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್‌ನ ಬಹುಭಾಗವನ್ನು ಸಮೀಕ್ಷೆ ಮಾಡಿದಾಗ ಘಟನೆ ಮುಗಿದರೂ ಅದರ ಭಯ ಬಿಡದೆ ಕಾಡುವ ಆಘಾತೋತ್ತರ ಒತ್ತಡದ ಕಾಯಿಲೆಯ ಲಕ್ಷಣಗಳಿದ್ದವರು ಶೇ 7.5ರಷ್ಟಿದ್ದರು, ಕುಸಿದ ಗೋಪುರಗಳ ಸನಿಹದಲ್ಲಿ ಶೇ 20. ಆರು ತಿಂಗಳಲ್ಲಿ ಆ ಶೇ 7.5 ಎಂಬುದು ಶೇ 1ಕ್ಕಿಂತ ಕೆಳಗಿಳಿದಿತ್ತು. ಬಹುತೇಕರನ್ನು ಮೇಲೆತ್ತಿದ್ದು ಔಷಧವಲ್ಲ. ಮನೆಯವರು, ನೆರೆಹೊರೆ, ದಿನದ ಕೆಲಸಕ್ಕೆ ಮರಳುವಿಕೆ.

ಇನ್ನು ಗಾಯಾಳುಗಳ, ಮೃತರ ಮನೆಯವರ ಮುಂದೆ ಮೈಕ್ ಹಿಡಿದು 'ಏನನ್ನಿಸುತ್ತಿದೆ?' ಎಂದು ಕೇಳುವುದಂತೂ ಕ್ರೌರ್ಯ. ಘಟನೆಯನ್ನು ವಿವರವಾಗಿ ಹೇಳಿಸಿ ಮನಸ್ಸು ಹಗುರ ಮಾಡಿಸುತ್ತೇವೆಂದು ಒಂದೇ ಭೇಟಿಯಲ್ಲಿ ನಡೆಸುತ್ತಿದ್ದ ಆಪ್ತಸಮಾಲೋಚನೆಯೂ ಈ ಕಾಯಿಲೆಯನ್ನು ತಡೆಯಲಿಲ್ಲ, ಕೆಲವರಲ್ಲಿ ಹೆಚ್ಚಿಸಿತು ಎಂದು ಅಧ್ಯಯನಗಳು ತೋರಿಸಿವೆ. ವಿಶ್ವ ಆರೋಗ್ಯ ಸಂಸ್ಥೆ ಈಗ ಹೇಳುವುದು ಬೇರೆ: ಮೊದಲು ಸುರಕ್ಷಿತ ಜಾಗ, ನೀರು, ಕಂಬಳಿ, ತಮ್ಮವರು ಎಲ್ಲಿದ್ದಾರೆಂಬ ಖಚಿತ ಮಾಹಿತಿ, ಅವರಾಗಿ ಮಾತಾಡಿದರೆ ಕೇಳಿಸಿಕೊಳ್ಳುವ ಕಿವಿ. ತಿಂಗಳು ಕಳೆದರೂ ದುಃಸ್ವಪ್ನ, ಬೆಚ್ಚುವಿಕೆ, ಆ ದಾರಿಯಲ್ಲಿ ಹೋಗಲಾಗದ ಭಯ ಉಳಿದರೆ ತಜ್ಞರ ಚಿಕಿತ್ಸೆ ಬೇಕು, ಅದು ಫಲವನ್ನೂ ಕೊಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.