ಬಚ್ಚಲ ಪಕ್ಕದ ಆ ಕೆಂಪು ದೀಪ

"ಸೋಲಾರ್ ಹಾಕಿಸಿದ್ರೂ ಕರೆಂಟ್ ಬಿಲ್ ಇಳೀತಿಲ್ಲ."

ಸೋಲಾರ್ ವಾಟರ್ ಹೀಟರ್ ಕೂರಿಸುವ, ರಿಪೇರಿ ಮಾಡುವ ಕೆಲಸ ನನ್ನದು. ವಾರಕ್ಕೆ ಒಂದಾದರೂ ಇಂಥ ಫೋನ್ ಬರುತ್ತದೆ. ತಾರಸಿ ಹತ್ತುವ ಮೊದಲು ನಾನು ನೋಡುವುದು ಬಚ್ಚಲ ಬಾಗಿಲ ಪಕ್ಕದ ಸ್ವಿಚ್ಚನ್ನು. ಬಿಸಿಲಿಲ್ಲದ ದಿನಕ್ಕೆಂದು ಸೋಲಾರ್ ಟ್ಯಾಂಕಿನೊಳಗೆ ಕೂರಿಸಿದ ಕರೆಂಟ್ ಕಾಯಿಲ್‌ನ ಸ್ವಿಚ್ ಅದು. ಎಷ್ಟೋ ಮನೆಗಳಲ್ಲಿ ಅದರ ಕೆಂಪು ದೀಪ ಹಗಲೂ ರಾತ್ರಿ ಉರಿಯುತ್ತಿರುತ್ತದೆ.

ಬೆಂಗಳೂರಿನ ವಿಜಯನಗರದ ಒಂದು ಮನೆ. ವಯಸ್ಸಾದ ದಂಪತಿ. ಫೆಬ್ರವರಿ ತಿಂಗಳು, ಬೆಳಿಗ್ಗೆ ಒಂಬತ್ತು ಗಂಟೆ. ಮೇಲೆ 200 ಲೀಟರ್ ಟ್ಯಾಂಕು, ಗಾಜಿನ ಕೊಳವೆಗಳಿಗೆ ಆಗಷ್ಟೇ ಬಿಸಿಲು ತಾಗಿದೆ. ಕೆಳಗೆ ಮೀಟರಿನ ಪುಟ್ಟ ಚುಕ್ಕಿ ಪಟಪಟ ಮಿಟುಕುತ್ತಿದೆ. ಸ್ವಿಚ್ ಆರಿಸಿದೆ. ಚುಕ್ಕಿ ನಿಧಾನವಾಯಿತು. ಅಮ್ಮನವರನ್ನು ಕರೆದು ತೋರಿಸಿದೆ. "ಒಂದೊಂದು ದಿನ ನೀರು ತಣ್ಣಗಿರುತ್ತಲ್ಲಪ್ಪ, ಅದಕ್ಕೇ ಹಾಕೇ ಇರಲಿ ಅಂತ" ಎಂದರು.

ಇದೊಂದನ್ನು ದಯವಿಟ್ಟು ಗಮನವಿಟ್ಟು ಓದಿ. ನೀವು ಬೆಳಿಗ್ಗೆ ಆರು ಬಕೆಟ್ ಬಿಸಿನೀರು ಹಿಡಿದರೆ, ಅಷ್ಟೇ ತಣ್ಣೀರು ಟ್ಯಾಂಕಿನ ತಳಕ್ಕೆ ಬಂದು ಸೇರುತ್ತದೆ. ಆ ತಣ್ಣೀರನ್ನು ಕಾಯಿಸಬೇಕಾದದ್ದು ಬಿಸಿಲು. ಸ್ವಿಚ್ ಹಾಕಿದ್ದರೆ ಕಾಯಿಲ್ ಬಿಸಿಲು ಬರುವವರೆಗೆ ಸುಮ್ಮನಿರುವುದಿಲ್ಲ, ಆಗಲೇ ಕಾಯಿಸಿಬಿಡುತ್ತದೆ. ಹತ್ತು ಗಂಟೆಗೆ ಬಿಸಿಲು ಏರುವಾಗ ಅದಕ್ಕೆ ಕೆಲಸವೇ ಉಳಿದಿರುವುದಿಲ್ಲ. "ಥರ್ಮೋಸ್ಟಾಟ್ ಇದೆಯಲ್ಲ, ತಾನೇ ಆಫ್ ಆಗುತ್ತೆ" ಎನ್ನುತ್ತಾರೆ. ಆಗುತ್ತದೆ, ನೀರು ಕಾದ ಮೇಲೆ. ಕಾಯಿಸಿದ್ದು ಬಿಸಿಲೋ ಕರೆಂಟೋ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

100 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ನಾಲ್ಕೂವರೆ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಬೇಕು. ದಿನಾ ಹೀಗಾದರೆ ತಿಂಗಳಿಗೆ 140 ಯೂನಿಟ್ ಹತ್ತಿರ. ಕಾಯಿಲ್ ಟ್ಯಾಂಕಿನ ಮೇಲ್ಭಾಗದಲ್ಲಿದ್ದರೆ ಇಷ್ಟು ಆಗದಿರಬಹುದು. ಆದರೂ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನೀವೇ ಕಟ್ಟಬೇಕು, ಅಲ್ವಾ? ನನಗೆ ಸಂಕಟ ಆಗುವುದು ದುಡ್ಡಿಗೆ ಮಾತ್ರ ಅಲ್ಲ. ಬೆಳಿಗ್ಗೆ ಏಳಕ್ಕೆ ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕಿಗೂ ಬಿಸಿಲು ಸರಿಯಾಗಿ ಹತ್ತಿರುವುದಿಲ್ಲ. ಆ ಹೊತ್ತಿನ ಕರೆಂಟಿಗೆ ರಾಯಚೂರಿನಲ್ಲಿ ಕಲ್ಲಿದ್ದಲು ಉರಿಯಬೇಕು, ಶರಾವತಿಯ ನೀರು ಇಳಿಯಬೇಕು. ನಿಮ್ಮ ತಾರಸಿಯ ಬಿಸಿಲು ಮಾತ್ರ ಸುಮ್ನೆ ಹೋಗುತ್ತದೆ.

ಸಂಜೆ ಐದಕ್ಕೆ ಬಿಸಿನೀರಿನ ನಲ್ಲಿ ತಿರುಗಿಸಿ. ಮೊದಲು ಬರುವುದು ಪೈಪಿನಲ್ಲಿ ನಿಂತ ತಣ್ಣೀರು, ಅದನ್ನು ಬಕೆಟ್ಟಿಗೆ ಹಿಡಿದಿಟ್ಟುಕೊಳ್ಳಿ. ಆಮೇಲೆ ಕೈ ಸುಡುವಷ್ಟು ಬಿಸಿ ಬಂದರೆ ಮರುದಿನದ ಸ್ನಾನಕ್ಕೆ ಚಿಂತೆಯಿಲ್ಲ. ಟ್ಯಾಂಕಿನ ಹೊದಿಕೆ ಸರಿಯಿದ್ದರೆ ರಾತ್ರಿಯೆಲ್ಲ ಬಿಸಿ ಉಳಿಯುತ್ತದೆ. ಮೋಡವಿದ್ದ ದಿನ ಸ್ನಾನಕ್ಕೆ ಒಂದೂವರೆ ಗಂಟೆ ಮೊದಲು ಸ್ವಿಚ್ ಹಾಕಿ. ಮೊದಲ ಚೊಂಬು ಸುರಿದುಕೊಳ್ಳುವ ಮುಂಚೆ ಆರಿಸಿ. ನಿಮ್ಮ ಜೀವಕ್ಕೂ ಅದೇ ಕ್ಷೇಮ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ, ನೀವೇ ಬಿಚ್ಚಬೇಡಿ.

ವಿಜಯನಗರದ ಅಮ್ಮ ಆಷಾಢದಲ್ಲಿ ಫೋನ್ ಮಾಡಿದ್ದರು. "ಮೂರು ದಿನದಿಂದ ಮೋಡ ಕಣಪ್ಪ. ಇವತ್ತು ಹಾಕ್ಲಾ?"

"ಧಾರಾಳವಾಗಿ ಹಾಕಿ ಅಮ್ಮ" ಎಂದೆ. ಎರಡು ಗಂಟೆ ಬಿಟ್ಟು ಮತ್ತೆ ಫೋನ್ ಬಂತು. ಆರಿಸಿದೆ ಎಂದು ಹೇಳಲು.