ಅಭಿಮಾನಿಯ ‘ನಾವು’, ಆಟಗಾರನ ಹಣೆಪಟ್ಟಿ: ಸಮಾಜ ಮನೋವಿಜ್ಞಾನದ ಟಿಪ್ಪಣಿ

ಸಾಮಾಜಿಕ ಗುರುತಿನ ಸಿದ್ಧಾಂತ ಅಂದ ತಕ್ಷಣ ತಾಜ್‌ಫೆಲ್, ಟರ್ನರ್, 1979 ಅಂತ ಬಾಯಿಪಾಠ ಮಾಡಿ ಮುಂದೆ ಹೋಗಿಬಿಡುತ್ತೇವೆ. ಸಾರ ಇಷ್ಟೇ: ನಾನು ಯಾರು ಅನ್ನೋದರಲ್ಲಿ ಒಂದು ಪಾಲು, ನಾನು ಯಾವ ಗುಂಪಿನವನು ಅನ್ನೋದರಿಂದ ಬರುತ್ತದೆ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ 6 ರನ್ನಿನಿಂದ ಪಂಜಾಬನ್ನು ಸೋಲಿಸಿದಾಗ, ಮೈಸೂರಿನಲ್ಲಿ ಬ್ಯಾಟ್ ಮುಟ್ಟದವರೂ ‘ಗೆದ್ವಿ’ ಅಂದರು, ಅಲ್ವಾ?

ಇದನ್ನು ಅಳೆದು ನೋಡಿದವರು ಚಾಲ್ಡೀನಿ ಮತ್ತು ಸಂಗಡಿಗರು, 1976ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ. ಅಮೆರಿಕದ 7 ವಿಶ್ವವಿದ್ಯಾಲಯಗಳಲ್ಲಿ ನೋಡಿದರೆ, ಫುಟ್‌ಬಾಲ್ ತಂಡ ಗೆದ್ದ ವಾರ ಸೋಮವಾರ ಕಾಲೇಜಿನ ಗುರುತಿರುವ ಬಟ್ಟೆ ಹಾಕಿ ಬರುವವರು ಜಾಸ್ತಿ. ಇನ್ನೊಂದು ಪ್ರಯೋಗ ನನಗೆ ಹೆಚ್ಚು ಇಷ್ಟ. ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಚಿಕ್ಕ ಪರೀಕ್ಷೆ ಕೊಟ್ಟು, ಕೆಲವರಿಗೆ ಚೆನ್ನಾಗಿ ಬಂತು, ಕೆಲವರಿಗೆ ಕಡಿಮೆ ಬಂತು ಅಂತ ಸುಮ್ನೆ ಹೇಳಿದರು. ಆಮೇಲೆ ಪಂದ್ಯದ ವಿಷಯ ಕೇಳಿದರು. ಗೆದ್ದ ಪಂದ್ಯಕ್ಕೆ ‘ನಾವು’ ಅನ್ನೋದು ಹೆಚ್ಚು, ಸೋತದ್ದಕ್ಕೆ ಕಡಿಮೆ. ಈ ವ್ಯತ್ಯಾಸ ಎದ್ದು ಕಂಡಿದ್ದು ಕಡಿಮೆ ಬಂತು ಅನ್ನಿಸಿಕೊಂಡವರಲ್ಲಿ. ತನ್ನ ಮಾನ ಕೊಂಚ ಹೋದಾಗಲೇ ತಂಡದ ಮಾನ ಬೇಕಾಗುತ್ತದೆ.

ಹಾಗಾದರೆ 2009, 2011, 2016ರ ಫೈನಲ್ ಸೋತ ಮೇಲೂ ‘ಈ ಸಲ ಕಪ್ ನಮ್ದೇ’ ಅಂದವರು? ಅದಕ್ಕೆ ವಾನ್ ಮತ್ತು ಬ್ರಾನ್ಸ್‌ಕೂಮ್ (1990) ಓದಿ. ಗುರುತು ಗಟ್ಟಿಯಾಗಿರುವವರು ಸೋತರೂ ಅಷ್ಟು ಸುಲಭಕ್ಕೆ ದೂರ ಸರಿಯಲ್ಲ.

ಈ ‘ನಾವು’ ಅನ್ನೋದರ ಗಡಿ ನಿಂತಲ್ಲಿ ನಿಲ್ಲಲ್ಲ. ಐಪಿಎಲ್ ಮುಗಿಯುವವರೆಗೆ ಬೆಂಗಳೂರು ನಮ್ಮದು. ನಮ್ಮ ರಾಜ್ಯದ ಊರುಗಳ ತಂಡಗಳೇ ಆಡುವ ಮಹಾರಾಜ ಟ್ರೋಫಿ ಶುರುವಾದರೆ ಮೈಸೂರಿನ ಅದೇ ಹುಡುಗರಿಗೆ ಬೆಂಗಳೂರು ಎದುರಾಳಿ. 2024ರ ಫೈನಲ್‌ನಲ್ಲಿ ಮೈಸೂರು ವಾರಿಯರ್ಸ್ ಸೋಲಿಸಿದ್ದು ಬೆಂಗಳೂರು ಬ್ಲಾಸ್ಟರ್ಸನ್ನೇ. 2005ರಲ್ಲಿ ಲೆವೀನ್ ಮತ್ತು ಸಂಗಡಿಗರು ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಮೊದಲು ಅವರ ತಂಡದ ಬಗ್ಗೆ ಬರೆಸಿದರು. ಆಮೇಲೆ ದಾರಿಯಲ್ಲಿ ಓಡುತ್ತಿದ್ದವನೊಬ್ಬ ಜಾರಿ ಬಿದ್ದು ಕಾಲು ಹಿಡಿದುಕೊಂಡ, ಬೇಕೆಂದೇ. ಯುನೈಟೆಡ್ ಜೆರ್ಸಿ ಹಾಕಿದ್ದರೆ 13 ಜನರಲ್ಲಿ 12 ಜನ ನೆರವಿಗೆ ಬಂದರು. ಎದುರಾಳಿ ಲಿವರ್‌ಪೂಲ್ ಜೆರ್ಸಿಯಾದರೆ 10ರಲ್ಲಿ 3. ಎರಡನೇ ಸಲ ಹೊಸಬರಿಗೆ ‘ಫುಟ್‌ಬಾಲ್ ಅಭಿಮಾನಿಯಾಗಿರುವುದು’ ಅನ್ನೋದರ ಬಗ್ಗೆ ಬರೆಸಿದರು. ಈಗ ಲಿವರ್‌ಪೂಲ್‌ನವನಿಗೂ 10ರಲ್ಲಿ 7 ಜನ ನೆರವಾದರು. ಯಾವ ತಂಡದ ಗುರುತೂ ಇಲ್ಲದ ಬರೀ ಅಂಗಿಯವನನ್ನು ಕೇಳುವವರು ಆಗಲೂ ಕಡಿಮೆ. ಬಿದ್ದವನು ಅವನೇ, ಬದಲಾಗಿದ್ದು ಸ್ವಲ್ಪ ಮುಂಚೆ ಕೇಳಿದ ಪ್ರಶ್ನೆ.

ಇದನ್ನು ಹಿಡಿದುಕೊಂಡೇ ಆಟಗಾರ ವಿದ್ಯಾರ್ಥಿಯ ಕಡೆ ಬನ್ನಿ. ಮಂಡ್ಯದಿಂದ ಕಬಡ್ಡಿ ಆಡುತ್ತಾ ಮೈಸೂರಿನ ಕಾಲೇಜಿಗೆ ಬಂದ ಹುಡುಗ ಅಂದುಕೊಳ್ಳಿ. ಇಂಟರ್ನಲ್ಸ್ ದಿನ ಪ್ರಶ್ನೆಪತ್ರಿಕೆ ಹಂಚುವ ಮುಂಚೆ ಮೇಷ್ಟ್ರು, ‘ಸ್ಪೋರ್ಟ್ಸ್ ಕೋಟಾದವರು ಕೈ ಎತ್ರಪ್ಪಾ’ ಅನ್ನುತ್ತಾರೆ. ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು. ಯಾರೂ ಬೈದಿಲ್ಲ. ಆದರೂ ‘ಆಡುವವನಿಗೆ ಓದು ಹತ್ತಲ್ಲ’ ಅನ್ನೋ ಪಡಿಯಚ್ಚು (ಒಂದು ಗುಂಪಿನವರೆಲ್ಲ ಹೀಗೇ ಅನ್ನೋ ಸಿದ್ಧ ನಂಬಿಕೆ, ಸ್ಟೀರಿಯೊಟೈಪ್) ಅವನ ಪಕ್ಕದಲ್ಲೇ ಬಂದು ಕೂತಿದೆ. ಅದು ನಿಜವಾಗಿಬಿಟ್ಟರೆ ಅನ್ನೋ ಕಳವಳಕ್ಕೆ ಪಡಿಯಚ್ಚಿನ ಭೀತಿ ಅನ್ನಬಹುದು. ಸ್ಟೀಲ್ ಮತ್ತು ಆರನ್ಸನ್ 1995ರಲ್ಲಿ ಇದನ್ನು ತೋರಿಸಿದ್ದು ಕಪ್ಪು ವರ್ಣದ ಅಮೆರಿಕನ್ ವಿದ್ಯಾರ್ಥಿಗಳಲ್ಲಿ. ಯೋಪಿಕ್ ಮತ್ತು ಪ್ರೆಂಟಿಸ್ 2005ರಲ್ಲಿ ಆಟಗಾರ ವಿದ್ಯಾರ್ಥಿಗಳನ್ನು ತೆಗೆದುಕೊಂಡರು. ಕಷ್ಟದ ಗಣಿತ ಪರೀಕ್ಷೆಗೆ ಮುಂಚೆ ‘ನೀನು ಆಟಗಾರ’ ಅನ್ನೋದು ನೆನಪಾದವರು, ‘ನೀನು ವಿದ್ಯಾರ್ಥಿ’ ಅನ್ನೋದು ನೆನಪಾದವರಿಗಿಂತ ಕಡಿಮೆ ಅಂಕ ತೆಗೆದರು.

ಮೈಸೂರಿನವರೇ ಆದ ಜಾವಗಲ್ ಶ್ರೀನಾಥ್ ಎಂಜಿನಿಯರಿಂಗ್ ಓದಿದವರು ಅಂತ ಹೇಳಿ ನೋಡಿ. ‘ಅವರ ಮಾತು ಬಿಡಿ, ಅವರೇ ಬೇರೆ’ ಅನ್ನುತ್ತಾರೆ. ಹೀಗೆ ಒಬ್ಬರನ್ನು ಪಕ್ಕಕ್ಕೆ ಎತ್ತಿಟ್ಟು ಪಡಿಯಚ್ಚನ್ನು ಹಾಗೇ ಉಳಿಸಿಕೊಳ್ಳುವುದೇ ಉಪವರ್ಗೀಕರಣ.

ಪರೀಕ್ಷೆಗೆ ಬರೆಯುವವರು ಒಂದು ಗಮನಿಸಿ. ಪಡಿಯಚ್ಚಿನ ಭೀತಿಯನ್ನು ಮತ್ತೆ ಪರೀಕ್ಷಿಸಿದ ದೊಡ್ಡ ಅಧ್ಯಯನಗಳಲ್ಲಿ ಪರಿಣಾಮ ಚಿಕ್ಕದಾಗಿ ಕಂಡಿದೆ, ಕೆಲವು ಕಡೆ ಕಂಡೇ ಇಲ್ಲ. ಲೆವೀನ್ ಪ್ರಯೋಗದಲ್ಲೂ ಜನ ತೀರಾ ಕಡಿಮೆ. 10 ಅಂಕದ ಪ್ರಶ್ನೆ ಬಂದರೆ ಈ ಮಿತಿಗೂ ಎರಡು ಸಾಲು ಜಾಗ ಬಿಡಿ.